ನಿಂತವರ ಕಟ್ಟೆ

ಊರಿಗೆಂದು ಒಂದು ಗಡಿಯಾರ ಇಲ್ಲದ ಊರು ಅದು. ಕಿವಿಯ ಮೇಲಿನ ಕೂದಲು ನರೆಯುವವರೆಗೆ ಅಲ್ಲಿಯ ಜನ ಸೂರ್ಯನನ್ನು ನೋಡಿಕೊಂಡು ಏಳುತ್ತಿದ್ದರು, ಸೂರ್ಯನನ್ನು ನೋಡಿಕೊಂಡು ಉಣ್ಣುತ್ತಿದ್ದರು. ಕೂದಲು ನರೆತ ಮೇಲೆ ಗಡಿಯಾರದ ಮನೆಯಿಂದ ಕರೆ ಬರುತ್ತಿತ್ತು. ಕರೆ ಬಂದವರು ಹೋಗಿ, ಅಲ್ಲಿರುವ ಎರಡು ಬಗೆಯ ಕೈಗಡಿಯಾರಗಳಲ್ಲಿ ಒಂದನ್ನು ಆರಿಸಿ, ಎಡಗೈಗೆ ಕಟ್ಟಿಕೊಂಡು ಬರಬೇಕು. ಕಟ್ಟಿದ್ದನ್ನು ಬಿಚ್ಚುವಂತಿಲ್ಲ, ಬದಲಿಸುವಂತಿಲ್ಲ.

ಅಲ್ಲಿಂದ ಮುಂದೆ ದಿನವೂ ಬೆಳಗ್ಗೆ ಸಾರುವವನು ಅವರ ಬಾಗಿಲಿಗೆ ಬರುತ್ತಿದ್ದ. ಅವರು ಹೊಸ್ತಿಲಾಚೆ ಕೈ ಚಾಚುತ್ತಿದ್ದರು. ಅವನು ಬಗ್ಗಿ, ಮಣಿಕಟ್ಟಿಗೆ ಕಿವಿ ಹಚ್ಚಿ, ಉಸಿರು ಹಿಡಿದು ಕೇಳುತ್ತಿದ್ದ. ಒಳಗೆ ಟಿಕ್ ಟಿಕ್ ಇದ್ದರೆ ಅವರ ಹೆಸರನ್ನು ಒಂದು ಸಲ ಕೂಗಿ ಮುಂದಿನ ಮನೆಗೆ ಹೋಗುತ್ತಿದ್ದ. ಇಲ್ಲದಿದ್ದರೆ ಮೂರು ಸಲ ಕೂಗುತ್ತಿದ್ದ. ಮೂರನೆಯದು ಕೊನೆಯದು. ಅದಾದ ಮೇಲೆ ಆ ಹೆಸರನ್ನು ಯಾರೂ ಕರೆಯುವಂತಿಲ್ಲ, ಆ ಮನುಷ್ಯನಿಗೆ ಯಾರೂ ಕೆಲಸ ಹೇಳುವಂತಿಲ್ಲ, ಯಾರೂ ಅವರನ್ನು ಮಾತಾಡಿಸುವಂತಿಲ್ಲ. ಅವರು ಮನೆ ಬಿಟ್ಟು, ಬಾವಿಯ ಬಯಲಿನಾಚೆ ಬೇವಿನ ಮರಗಳ ಕೆಳಗಿರುವ ಉದ್ದನೆಯ ಕಟ್ಟೆಗೆ ಹೋಗಿ ಕೂರುತ್ತಿದ್ದರು. ಅಲ್ಲಿಗೆ ಊಟ ಹೋಗುತ್ತಿತ್ತು, ಚಳಿಗಾಲದಲ್ಲಿ ಕಂಬಳಿ ಹೋಗುತ್ತಿತ್ತು. ಮಾತು ಹೋಗುತ್ತಿರಲಿಲ್ಲ. ಅವರನ್ನು ನಿಂತವರು ಎಂದು ಕರೆಯುತ್ತಿದ್ದರು. ಕಟ್ಟೆಯ ಪಕ್ಕ ಹಾದುಹೋಗುವಾಗ ಹೆಂಗಸರು ಸೆರಗನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದರು, ಗಂಡಸರು ಕೆಮ್ಮುತ್ತಲೋ ತಮ್ಮಷ್ಟಕ್ಕೆ ಗುನುಗುತ್ತಲೋ ಬೇಗ ದಾಟುತ್ತಿದ್ದರು.

ಆ ಬಾವಿಯಲ್ಲಿ ನೀರು ಸೇದುವ ಹೆಂಗಸಿನ ಹೆಸರು ಸಾತವ್ವ. ಊರಿಗೆ ಇದ್ದದ್ದು ಅದೊಂದೇ ಬಾವಿ, ಆಳವಾದದ್ದು. ಮೂವತ್ತು ವರ್ಷದಿಂದ ಊರಿನ ನೀರನ್ನೆಲ್ಲ ಅವಳೇ ಮೇಲೆತ್ತುತ್ತಿದ್ದಳು. ಬೆಳಗ್ಗೆ ಕುಡಿಯುವ ನೀರು, ಹೊತ್ತೇರಿದ ಮೇಲೆ ದನಗಳ ನೀರು, ಸಂಜೆ ಮತ್ತೆ ಕುಡಿಯುವ ನೀರು. ರಾಟೆ ಕಿರಗುಡುತ್ತಿತ್ತು, ಕೊಡ ಇಳಿಯುತ್ತಿತ್ತು, ಕೊಡ ಏರುತ್ತಿತ್ತು. ಅವಳ ಅಂಗೈ ಎಷ್ಟು ಗಟ್ಟಿಯಾಗಿತ್ತೆಂದರೆ ಬಿಸಿ ರೊಟ್ಟಿ ಹಿಡಿದರೂ ಬಿಸಿ ತಿಳಿಯುತ್ತಿರಲಿಲ್ಲ. ಭುಜದಲ್ಲಿ ಒಂದು ನೋವಿತ್ತು. ಅದು ಯಾವ ವರ್ಷ ಬಂದದ್ದೆಂದು ಅವಳಿಗೆ ಈಗ ನೆನಪಿರಲಿಲ್ಲ.

ಅವಳ ಗಂಡ ಅಡಿವೆಪ್ಪ ಹಗ್ಗ ಹೊಸೆಯುವವನು. ಪುಂಡಿಯ ನಾರು ನೆನೆಹಾಕಿ, ಬಡಿದು, ಹೊಸೆದು ಬಾವಿಗೆ ಹಗ್ಗ ಮಾಡಿಕೊಡುತ್ತಿದ್ದ. ಅವಳಿಗಿಂತ ಹನ್ನೆರಡು ವರ್ಷ ದೊಡ್ಡವನಾದ್ದರಿಂದ ಅವನಿಗೆ ಕರೆ ಮೊದಲೇ ಬಂದಿತ್ತು, ಅವನು ದುಬಾರಿ ಗಡಿಯಾರವನ್ನು ಆರಿಸಿಕೊಂಡಿದ್ದ. ಆ ಊರಿನಲ್ಲಿ ಗಡಿಯಾರಕ್ಕೆ ದುಡ್ಡು ಕೊಡುತ್ತಿರಲಿಲ್ಲ, ಅಮಾವಾಸ್ಯೆಗಳನ್ನು ಕೊಡುತ್ತಿದ್ದರು. ತಿಂಗಳಿಗೆ ಅದೊಂದೇ ದಿನ ಎಲ್ಲರಿಗೂ ಬಿಡುವು. ಅಗ್ಗದ ಗಡಿಯಾರದ ಬೆಲೆ ಒಂದು ಅಮಾವಾಸ್ಯೆ, ಆ ದಿನವನ್ನು ಗಡಿಯಾರದ ಮನೆಯಲ್ಲಿ ದುಡಿದು ತೀರಿಸಬೇಕು. ದುಬಾರಿಯದರ ಬೆಲೆ ಮುಂದಿನ ಅಷ್ಟೂ ಅಮಾವಾಸ್ಯೆ. ಹನ್ನೆರಡು ವರ್ಷದಿಂದ ಅಡಿವೆಪ್ಪನಿಗೆ ಬಿಡುವಿನ ದಿನ ಎಂಬುದಿರಲಿಲ್ಲ.

ಆದರೂ ಆರಿಸಿಕೊಂಡ ದಿನ ಅವನು ಹಿಗ್ಗಿದ್ದ. ಬಂಗಾರದ ಬಣ್ಣದ ಗಡಿಯಾರ, ಕಡುನೀಲಿ ಮುಖ, ಅಂಕಿಗಳ ಬದಲು ತೆಳುವಾದ ಗೆರೆಗಳು. ಕೆಳಗೊಂದು ಪುಟ್ಟ ಕಿಟಕಿ. ಅದರಲ್ಲಿ ಚಂದ್ರ ದಿನದಿನಕ್ಕೆ ಬೆಳೆಯುತ್ತಿದ್ದ, ಕರಗುತ್ತಿದ್ದ. ಅದಕ್ಕೆ ಕೀ ಕೊಡುವ ಕೆಲಸವಿಲ್ಲ. ಒಳಗಿರುವ ಅರ್ಧಚಂದ್ರಾಕಾರದ ತೂಕವೊಂದು ಕೈ ಆಡಿದಂತೆಲ್ಲ ತಿರುಗಿ, ತನ್ನ ಸ್ಪ್ರಿಂಗನ್ನು ತಾನೇ ಸುತ್ತಿಕೊಳ್ಳುತ್ತದೆ. ಇಡೀ ದಿನ ಹಗ್ಗ ಹೊಸೆಯುವ ಕೈಗೆ ಅದಕ್ಕಿಂತ ತಕ್ಕದ್ದು ಇನ್ನೇನಿದೆ ಎಂದು ಊರೆಲ್ಲ ಹೇಳಿತ್ತು.

ಈಗ ಅವನ ಕೈ ಸೋತಿತ್ತು. ಎರಡು ವರ್ಷದಿಂದ ಎಡಗೈ ಎತ್ತಲು ಬರುತ್ತಿರಲಿಲ್ಲ. ಮೊಣಕೈಯಿಂದ ಕೆಳಗೆ ಮರಗಟ್ಟಿದಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಅದನ್ನು ಎತ್ತಿ ಆಡಿಸುವಷ್ಟು ಬಲ ಬಲಗೈಯಲ್ಲೂ ಉಳಿದಿರಲಿಲ್ಲ. ಕೈ ಆಡದಿದ್ದರೆ ಆ ಗಡಿಯಾರ ಎರಡು ದಿನದಲ್ಲಿ ನಿಲ್ಲುತ್ತದೆ. ಹಾಗಾಗಿ ಸಾತವ್ವ ಮಧ್ಯಾಹ್ನ ಬಾವಿಯಿಂದ ಮನೆಗೆ ಬಂದು, ಉಂಡು, ಅವನ ಪಕ್ಕ ಕೂತು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ತೂಗುತ್ತಿದ್ದಳು. ತೊಟ್ಟಿಲು ತೂಗಿದ ಹಾಗೆ. ಒಳಗೆ ತೂಕ ತಿರುಗುವ ಸಣ್ಣ ಸದ್ದು ಕೇಳುತ್ತಿತ್ತು. ಊರಿನವರೆಲ್ಲ ಉಂಡು ಅಡ್ಡಾಗುವ ಹೊತ್ತು ಅದು. ಎರಡು ವರ್ಷದಿಂದ ಅವಳು ಮಧ್ಯಾಹ್ನ ಮಲಗಿರಲಿಲ್ಲ.

ಹೀಗಿರುವಾಗ ಅವಳ ಕಿವಿಯ ಮೇಲಿನ ಕೂದಲು ಬೆಳ್ಳಗಾಯಿತು, ಗಡಿಯಾರದ ಮನೆಯಿಂದ ಕರೆ ಬಂತು.

ಗಡಿಯಾರದ ಮನೆಯ ಹಿರಿಯನಿಗೆ ಬಹಳ ವಯಸ್ಸಾಗಿತ್ತು. ಅವನು ಎರಡು ಗಡಿಯಾರಗಳನ್ನು ಬಿಳಿ ಬಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟ. ಒಂದು ಅವಳ ಗಂಡನ ಕೈಯಲ್ಲಿದ್ದಂಥದ್ದೇ. ಇನ್ನೊಂದು ಉಕ್ಕಿನದು, ತೆಳು. ಬಿಳಿಯ ಮುಖದ ಮೇಲೆ ಒಂದರಿಂದ ಹನ್ನೆರಡರವರೆಗೆ ಕಪ್ಪು ಅಂಕಿಗಳು. ಪಕ್ಕದಲ್ಲಿ ಗೋಧಿ ಕಾಳಿನಷ್ಟು ಕೀ.

"ಇದು ಅಗ್ಗದ್ದು ತಂಗಿ," ಎಂದ. "ದಿನಾ ಬೆಳಿಗ್ಗೆ ಕೀ ಕೊಡಬೇಕು, ಇಪ್ಪತ್ತೈದು ಸುತ್ತು. ಮರೆತರ ಮರುದಿನ ಮಧ್ಯಾಹ್ನದೊಳಗ ನಿಲ್ತೈತಿ. ಅದು ದುಬಾರಿದು. ಅದರ ಚಿಂತಿ ನಿನಗ ಬ್ಯಾಡ. ನಿನ್ನ ಕೈ ಆಡಿದಷ್ಟು ದಿನ ಅದು ಆಡ್ತೈತಿ."

"ನಮ್ಮ ಮನ್ಯಾಗ ಒಂದು ಐತ್ರಿ ಅಜ್ಜಾರ. ಗೊತ್ತೈತಿ."

"ಹಂಗಾದ್ರ ನಾ ಹೇಳೂದು ಏನೂ ಇಲ್ಲ. ಮೂರು ದಿನ ವಿಚಾರ ಮಾಡು. ನಾಲ್ಕನೇ ದಿನ ಬಂದು ಕೈ ಚಾಚು."

ಅವನು ಮತ್ತೆ ಬಟ್ಟೆಯನ್ನು ಮಡಿಚಿದ. ಮಡಿಚುವಾಗ ಅವನ ಮಣಿಕಟ್ಟಿನ ಮೇಲೆ ಬಂಗಾರದ ಬಣ್ಣ ಮಿನುಗಿತು. ಅವನು ಸುಮ್ಮನೆ ಕೂತಾಗಲೂ ಆ ಕೈಯಿಂದ ಮೊಣಕಾಲನ್ನು ತಟ್ಟುತ್ತಲೇ ಇದ್ದುದನ್ನು ಸಾತವ್ವ ನೋಡಿದಳು.

ಬಾವಿಯ ಹತ್ತಿರ ಎಲ್ಲರೂ ಅವಳಿಗೆ ಬುದ್ಧಿ ಹೇಳಿದರು. ಕೊಡ ತುಂಬಿಸಿಕೊಳ್ಳುತ್ತ ಹೇಳಿದರು, ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ನಿಂತು ಹೇಳಿದರು. ಅಗ್ಗದ್ದನ್ನು ಕಟ್ಟಿಕೊಂಡರೆ ಜನ ಏನೆಂದಾರು, ನೀನೇನು ಸೋಮಾರಿಯೇ, ದಿನಕ್ಕೆ ಮುನ್ನೂರು ಕೊಡ ಸೇದುವ ಕೈಗೆ ಕೀ ಕೊಡುವ ಗಡಿಯಾರವೇ ಎಂದರು. ಅಮಾವಾಸ್ಯೆಯ ದಿನ ನೀನು ಮಾಡುವುದಾದರೂ ಏನು ಎಂದು ಒಬ್ಬಳು ಕೇಳಿದಳು. ಸಾತವ್ವ ವಿಚಾರ ಮಾಡಿ, "ಅವತ್ತ ನಾನು ಗೋಡಿಗೆ ಒರಗಿ ಕುಂದರ್ತೀನಿ" ಎಂದಳು. ಕೇಳಿದವಳು ನಕ್ಕು ಹೋದಳು.

ಕುಂಬಾರರ ಸೊಸೆ ಫಕೀರವ್ವ ಮಾತ್ರ ಏನನ್ನೂ ಹೇಳಲಿಲ್ಲ. ಅವಳು ಎರಡು ಮಕ್ಕಳ ತಾಯಿ, ಇನ್ನೂ ಒಂದು ಕೂದಲೂ ನರೆಯದವಳು. ಸಾತವ್ವನಿಗೆ ಕೈಲಾಗದ ದಿನ ಬಂದರೆ ಬಾವಿ ಇವಳ ಪಾಲಿಗೆ ಎಂದು ಊರು ಮೊದಲೇ ತೀರ್ಮಾನಿಸಿತ್ತು. ಅವಳು ಬಾವಿಯೊಳಕ್ಕೆ ಬಗ್ಗಿ ನೋಡಿ ಹಿಂದೆ ಸರಿದಳು.

ಮನೆಯಲ್ಲಿ ಸಾತವ್ವ ಗಂಡನನ್ನು ಕೇಳಿದಳು. "ನೀವೇನಂತೀರಿ?"

ಅಡಿವೆಪ್ಪ ತನ್ನ ಕೈಯನ್ನು ನೋಡಿದ. ಅವಳು ಅದನ್ನು ತೂಗುತ್ತಿದ್ದಳು. ಗಡಿಯಾರದ ಪುಟ್ಟ ಕಿಟಕಿಯಲ್ಲಿ ಚಂದ್ರ ಸವೆಯತೊಡಗಿದ್ದ.

"ನಾನು ಹೊಳಪು ನೋಡಿ ತಗೊಂಡೆ," ಎಂದ. "ಯಾರ ಹಂಗೂ ಇಲ್ಲ, ಕೀ ಸೈತ ಬ್ಯಾಡ ಅನ್ನೂ ಸೊಕ್ಕು. ಈಗ ನೋಡು, ನಿನ್ನ ಎರಡೂ ಕೈ ಇದಕ್ಕ ಕೀ ಆಗ್ಯಾವು."

"ಅದಕ್ಕೇನೀಗ?"

"ಸಾಕು ಮಾಡು ಸಾತವ್ವ. ಒಂದು ದಿನ ಬಿಟ್ಟುಬಿಡು."

ಅವಳು ತೂಗುವುದನ್ನು ನಿಲ್ಲಿಸಲಿಲ್ಲ. ಬಿಟ್ಟರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅವನು ಕಟ್ಟೆಗೆ ಹೋಗುತ್ತಾನೆ, ಅವಳು ಇಲ್ಲಿರುತ್ತಾಳೆ. ಊಟ ಹೋಗುತ್ತದೆ, ಮಾತು ಹೋಗುವುದಿಲ್ಲ. ಅವರಿಬ್ಬರ ನಡುವೆ ಅಂಥ ದೊಡ್ಡ ಮಾತುಗಳೇನೂ ಇರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಯಿತೇ, ಹಗ್ಗ ಎಲ್ಲಿ ಸವೆದಿದೆ, ಇವತ್ತು ಗಾಳಿ ಯಾವ ಕಡೆಯದು. ಆದರೆ ಮೂವತ್ತು ವರ್ಷದಲ್ಲಿ ಇವು ಇಲ್ಲದ ದಿನ ಬಂದಿರಲಿಲ್ಲ.

ಮರುದಿನ ಗೌಡರ ಮನೆಯಲ್ಲಿ ಮದುವೆ. ಊರಿಗೆ ಊರೇ ಅಲ್ಲಿ ಉಣ್ಣುವುದಿತ್ತು. ನೀರು ಎರಡು ಪಟ್ಟು ಬೇಕಾಯಿತು. ಸೂರ್ಯ ಹುಟ್ಟುವ ಮುನ್ನ ಬಾವಿಗೆ ಹೋದ ಸಾತವ್ವನಿಗೆ ಮಧ್ಯಾಹ್ನ ಮನೆಗೆ ಬರಲಾಗಲಿಲ್ಲ. ಕೊಡ ಇಳಿಯಿತು, ಕೊಡ ಏರಿತು. ಹಂಡೆಗಳು ಬಂದವು, ತುಂಬಿ ಹೋದವು, ಮತ್ತೆ ಬರಿದಾಗಿ ಬಂದವು. ಕತ್ತಲಾಗುವಾಗ ಅವಳು ಮನೆಗೆ ಬಂದು, ಅವನ ಪಕ್ಕ ಕೂತು ಆ ಕೈಯನ್ನು ಹಿಡಿದಳು. ತೂಗಲು ಅವಳ ಭುಜ ಏಳಲೇ ಇಲ್ಲ. ಬೆಳಗ್ಗೆ ತೂಗಿದರಾಯಿತು ಎಂದುಕೊಂಡಳು. ಬೆಳಗ್ಗೆ ಮದುವೆಮನೆಯವರು ಬಾಗಿಲಿಗೇ ಬಂದು ನಿಂತಿದ್ದರು. ಸಾರುವವನು ಬಂದು ಅಡಿವೆಪ್ಪನ ಮಣಿಕಟ್ಟಿಗೆ ಕಿವಿಯಿಟ್ಟು ಕೇಳಿ, ಒಂದು ಸಲ ಹೆಸರು ಕೂಗಿ ಹೋದ. ಅವಳು ಬಾವಿಗೆ ಓಡಿದಳು.

ಆ ದಿನ ಮಧ್ಯಾಹ್ನ ಅವಳು ಮನೆ ಸೇರಿದಾಗ ಕಾಲು ಎಳೆಯುತ್ತಿತ್ತು. ಅಡಿವೆಪ್ಪ ಚಾಪೆಯ ಮೇಲೆ ಮಲಗಿದ್ದ, ಎಡಗೈಯನ್ನು ಚಾಚಿಕೊಂಡು. ಅವಳು ಪಕ್ಕದಲ್ಲಿ ಕೂತಳು. ಕೈ ಹಿಡಿಯಲು ಬಗ್ಗಿದವಳು ಹಾಗೇ ಅದರ ಮೇಲೆ ತಲೆಯಿಟ್ಟಳು. ಒಂದು ಗಳಿಗೆ ಮಾತ್ರ, ಆಮೇಲೆ ಏಳುತ್ತೇನೆ ಎಂದುಕೊಂಡಳು. ಕಿವಿಯ ಕೆಳಗೆ ಗಡಿಯಾರ ಮೆಲ್ಲಗೆ, ಬಿಟ್ಟು ಬಿಟ್ಟು ಹೊಡೆದುಕೊಳ್ಳುತ್ತಿತ್ತು. ಅದನ್ನು ಕೇಳುತ್ತ ಕೇಳುತ್ತ ಅವಳಿಗೆ ನಿದ್ದೆ ಬಂತು.

ಎಚ್ಚರವಾದಾಗ ಬಿಸಿಲು ಗೋಡೆಯ ಮೇಲೇರಿ ಹಳದಿಯಾಗಿತ್ತು. ಕಿವಿಯ ಕೆಳಗೆ ಏನೂ ಕೇಳುತ್ತಿರಲಿಲ್ಲ. ಅವಳು ಎದ್ದು ಕೂತಳು. ಮುಳ್ಳುಗಳು ಎರಡು ಇಪ್ಪತ್ತರಲ್ಲಿ ನಿಂತಿದ್ದವು. ಅಡಿವೆಪ್ಪ ಕಣ್ಣು ತೆರೆದುಕೊಂಡೇ ಮಲಗಿದ್ದ.

"ಯಾಕ ಎಬ್ಬಿಸಲಿಲ್ಲ ನನ್ನ?"

"ನಿದ್ದಿ ಹತ್ತಿತ್ತು ನಿನಗ."

"ನಿಂತೈತ್ರಿ ಇದು."

"ಗೊತ್ತಾತು. ನಿಲ್ಲೂದು ಕೇಳಿಸ್ತು."

ಅವಳು ಅವನ ಮಣಿಕಟ್ಟಿಗೆ ಕೈ ಹಾಕಿದಳು. ಎರಡು ಸಲ ಜೋರಾಗಿ ಅಲ್ಲಾಡಿಸಿದರೆ ಮತ್ತೆ ಹೊರಡುತ್ತದೆ, ಸಾರುವವನು ಬರುವುದು ನಾಳೆ ಬೆಳಗ್ಗೆ, ಯಾರಿಗೂ ತಿಳಿಯುವುದಿಲ್ಲ. ಅಡಿವೆಪ್ಪ ತನ್ನ ಬಲಗೈಯಿಂದ ಅವಳ ಕೈಯನ್ನು ಹಿಡಿದ.

"ಬ್ಯಾಡ," ಎಂದ. "ಅಲ್ಲಾಡಿಸಬ್ಯಾಡ."

"ನನ್ನ ಬಿಟ್ಟು ಹೋಗ್ತೀರೇನು?"

"ಎಲ್ಲಿಗಿ ಹೋಗ್ತೀನಿ? ಕಟ್ಟಿ ಮ್ಯಾಲ ಕುಂದರ್ತೀನಿ. ಬಾವಿಯಿಂದ ಕಾಣ್ತೈತಿ."

"ಕಂಡ್ರ ಏನು ಬಂತು? ಮಾತಾಡಾಕ ಆಗೂದಿಲ್ಲಲ್ಲ."

"ಎರಡು ವರ್ಷದಾಗ ನೀ ಮಧ್ಯಾಹ್ನ ನಿದ್ದಿ ಮಾಡಿದ್ದು ಇದೊಂದ ಸಲ," ಎಂದ. "ಅಲುಗಾಡಿದ್ರ ಎಚ್ಚರಾಗತಿದ್ದಿ."

ಸಾತವ್ವನಿಗೆ ಸಿಟ್ಟು ಬಂತು. ಅಷ್ಟು ಸಿಟ್ಟು ಅವಳಿಗೆ ಎಂದೂ ಬಂದಿರಲಿಲ್ಲ. ತನ್ನನ್ನು ಕೇಳದೆ ತನಗೆ ಇಷ್ಟು ದೊಡ್ಡದನ್ನು ಕೊಟ್ಟುಬಿಟ್ಟಿದ್ದಾನೆ ಎನಿಸಿತು. ಅವಳು ಎದ್ದು ಒಲೆಯ ಮುಂದೆ ಹೋಗಿ ಕೂತಳು. ರೊಟ್ಟಿ ತಟ್ಟಿದಳು. ಇಬ್ಬರೂ ಉಂಡರು. ಕೊನೆಯ ಸಂಜೆ ಏನಾದರೂ ಹೇಳಬೇಕೆಂದು ಇಬ್ಬರಿಗೂ ಅನಿಸಿತು, ಆದರೆ ಹೇಳುವಂಥದ್ದು ಸಿಗಲಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆ ಎಂದು ಅವನು ಹೇಳಿದ.

ಬೆಳಗ್ಗೆ ಸಾರುವವನು ಬಂದ. ಕಿವಿಯಿಟ್ಟು ಕೇಳಿದ. ಇನ್ನೊಂದು ಕಿವಿಯಿಟ್ಟು ಕೇಳಿದ. ಆಮೇಲೆ ನೆಟ್ಟಗೆ ನಿಂತು ಅಡಿವೆಪ್ಪ ಎಂದು ಕೂಗಿದ. ಅಡಿವೆಪ್ಪ ಎಂದು ಮತ್ತೆ ಕೂಗಿದ. ಮೂರನೆಯ ಸಲ ಕೂಗುವಾಗ ಅವನ ದನಿ ಸಣ್ಣದಾಯಿತು, ಏಕೆಂದರೆ ಇಬ್ಬರೂ ಚಿಕ್ಕಂದಿನಲ್ಲಿ ಒಟ್ಟಿಗೆ ಆಡಿದವರು. ಹಗ್ಗದವನು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಬಯಲು ದಾಟಿ ನಡೆದ. ಸಾತವ್ವ ಬಾಗಿಲಲ್ಲಿ ನಿಂತು ನೋಡಿದಳು. ಕರೆಯಲು ಬಾಯಿ ತೆರೆದಳು. ಆ ಹೆಸರು ಈಗ ಇರಲಿಲ್ಲ.

ಮಧ್ಯಾಹ್ನ ಅವಳು ಬುತ್ತಿ ತೆಗೆದುಕೊಂಡು ಹೋದಳು. ಊಟವನ್ನು ಕಟ್ಟೆಯ ತುದಿಗೆ ಇಟ್ಟು, ತಿರುಗಿ ನೋಡದೆ ಬರುವುದು ಪದ್ಧತಿ. ಅವಳು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಿದ್ದಳು. ಬುತ್ತಿ ಇಡಲು ಬಗ್ಗಿದಾಗ ಸೆರಗು ಜಾರಿತು. ಆಗ ಅವಳಿಗೆ ಮಾತು ಕೇಳಿಸಿತು.

"ನಿಂದು ಎಷ್ಟಕ್ಕ ನಿಂತಿತು?" ಎಂದು ಒಬ್ಬ ಮುದುಕಿಯ ದನಿ.

"ಎರಡು ಇಪ್ಪತ್ತಕ್ಕ," ಎಂದು ಅವನ ದನಿ.

"ನಂದು ಆರು ಐದಕ್ಕ. ಹಾಲು ಕಾಯಿಸಾಕತ್ತಿದ್ದೆ. ಬಾ, ಇತ್ಲಾಗ ನೆರಳೈತಿ."

ಸಾತವ್ವ ಬಗ್ಗಿದವಳು ಬಗ್ಗಿಯೇ ಇದ್ದಳು. ಕಟ್ಟೆಯ ಉದ್ದಕ್ಕೂ ಮಾತು ನಡೆದಿತ್ತು. ಯಾರೋ ಯಾರಿಗೋ ಎಂದೋ ಆದ ಜಗಳವೊಂದನ್ನು ಹೇಳುತ್ತಿದ್ದರು, ಇನ್ಯಾರೋ ಅದನ್ನು ತಿದ್ದುತ್ತಿದ್ದರು. ಒಬ್ಬ ಕೆಳದನಿಯಲ್ಲಿ ಹಾಡುತ್ತಿದ್ದ. ಯಾರೂ ಅವಸರದಲ್ಲಿರಲಿಲ್ಲ. ಊರಿನವರು ನಿಂತವರನ್ನು ಮಾತಾಡಿಸಬಾರದು ಎಂಬ ಕಟ್ಟಳೆ ಇತ್ತು. ನಿಂತವರು ತಮ್ಮತಮ್ಮಲ್ಲಿ ಮಾತಾಡಬಾರದೆಂದು ಯಾರೂ ಹೇಳಿರಲಿಲ್ಲ. ಮೂವತ್ತು ವರ್ಷ ಅವಳು ಅಲ್ಲಿಗೆ ಐವತ್ತು ಹೆಜ್ಜೆ ದೂರದಲ್ಲಿದ್ದಳು. ರಾಟೆಯ ಸದ್ದು ಬಿಟ್ಟರೆ ಅವಳಿಗೆ ಇನ್ನೇನೂ ಕೇಳಿರಲಿಲ್ಲ.

ಹೇಳಿದ ಹಾಗೆ ನಾಲ್ಕನೆಯ ದಿನ ಅವಳು ಗಡಿಯಾರದ ಮನೆಗೆ ಹೋದಳು. ಹಿರಿಯ ಬಿಳಿ ಬಟ್ಟೆಯನ್ನು ಬಿಡಿಸಿದ.

"ಒಂದು ಕೇಳ್ಲ್ಯಾ ಅಜ್ಜಾರ? ಇವನ್ನ ನಿಲ್ಲಿಸಬೇಕಂದ್ರ ಹೆಂಗ?"

ಅವನು ತಲೆಯೆತ್ತಿ ನೋಡಿದ. "ಹೆಂಗ ನಡೆಸಬೇಕಂತ ಎಲ್ಲಾರೂ ಕೇಳ್ತಾರ. ಇದನ್ನ ಯಾರೂ ಕೇಳಿದ್ದಿಲ್ಲ."

"ನಾನು ಕೇಳಾಕತ್ತೀನಿ."

"ಅಗ್ಗದ್ದು ಕೀ ಕೊಡದಿದ್ರ ನಿಲ್ತೈತಿ. ಅಷ್ಟ."

"ದುಬಾರಿದು?"

"ಕೈ ಆಡಬಾರದು. ಎರಡು ದಿನ." ಅವನ ಕೈ ಮೊಣಕಾಲನ್ನು ತಟ್ಟುತ್ತಿತ್ತು. "ಜೀವ ಇರೂ ಕೈ ಅಷ್ಟೊತ್ತು ಸುಮ್ಮನಿರೂದಿಲ್ಲ ತಂಗಿ. ಸುಮ್ಮನ ಇಟ್ಟೇನು ಅಂದ್ರೂ ತುರಿಸ್ಕೋತೈತಿ, ನೊಣ ಓಡಸ್ತೈತಿ. ನಿದ್ದ್ಯಾಗ ಸೈತ ಆಡ್ತೈತಿ."

ಸಾತವ್ವ ತನ್ನ ಗಂಡ ಆ ಮಧ್ಯಾಹ್ನ ಹೇಗೆ ಮಲಗಿದ್ದನೆಂದು ನೆನೆದಳು. ಸೋತ ಕೈಯಾದರೂ ಭುಜ ಅಲುಗಿದರೆ ಅದೂ ಅಲುಗುತ್ತದೆ. ಅವಳ ತಲೆಯ ಭಾರ ಹೊತ್ತುಕೊಂಡು, ಮೈ ಜೋಮು ಹಿಡಿದರೂ ಮಗ್ಗುಲು ಬದಲಿಸದೆ, ಕಣ್ಣು ತೆರೆದುಕೊಂಡು ಸಂಜೆಯವರೆಗೆ ಇದ್ದ. ಅಷ್ಟು ಸುಮ್ಮನಿರುವುದು ತನ್ನಿಂದ ಆಗದು. ತನ್ನ ಕೈ ಕನಸಿನಲ್ಲೂ ನೀರು ಸೇದುತ್ತದೆ.

ಅವಳು ಎಡಗೈ ಚಾಚಿ, ಬಲಗೈಯ ಬೆರಳಿನಿಂದ ಉಕ್ಕಿನ ಗಡಿಯಾರವನ್ನು ಮುಟ್ಟಿದಳು. ಹಿರಿಯ ಅದನ್ನು ಅವಳಿಗೆ ಕಟ್ಟಿದ. ಪಟ್ಟಿಯ ತೂತು ಸರಿಮಾಡುತ್ತ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ.

"ನೀ ಬಾವಿ ಹತ್ರ ಇರಾಕಿ. ಆ ಕಟ್ಟಿ ಮ್ಯಾಲ ಅವರು ಏನು ಮಾಡ್ತಾರ?"

"ಮಾತಾಡ್ತಾರ್ರಿ," ಎಂದಳು.

ಹಿರಿಯನ ಕೈ ಒಂದು ಕ್ಷಣ ನಿಂತಿತು, ಮತ್ತೆ ತಟ್ಟತೊಡಗಿತು.

ಊರಿನವರು ಅವಳ ಮಣಿಕಟ್ಟನ್ನು ನೋಡಿ ಮುಖ ಸಣ್ಣಗೆ ಮಾಡಿಕೊಂಡರು. ಗಂಡ ನಿಂತ ದುಃಖದಲ್ಲಿ ಹೀಗೆ ಮಾಡಿದ್ದಾಳೆ ಎಂದರು. ಸಾತವ್ವ ದಿನವೂ ಬೆಳಗ್ಗೆ ಎದ್ದು ಹೊಸ್ತಿಲ ಮೇಲೆ ಕೂತು ಕೀ ಕೊಟ್ಟಳು. ಇಪ್ಪತ್ತೈದು ಸುತ್ತು. ಕೊನೆಯ ಸುತ್ತುಗಳಲ್ಲಿ ಕೀ ಬಿಗಿಯಾಗುತ್ತಿತ್ತು, ಅವಳ ದಪ್ಪ ಚರ್ಮದ ಬೆರಳಿಗೂ ಅದು ತಿಳಿಯುತ್ತಿತ್ತು. ಮೊದಲ ಕೆಲವು ದಿನ ಅವಳಿಗೆ ಅದು ಇನ್ನೊಂದು ಕೆಲಸ ಎನಿಸಿತು, ಕೊಡಗಳ ಜೊತೆ ಮತ್ತೊಂದು ಕೊಡ. ಆಮೇಲೆ ಒಂದು ಬೆಳಗ್ಗೆ ಹನ್ನೆರಡು ಸುತ್ತು ಕೊಟ್ಟು, ಬೆರಳು ತಡೆದು, ಇಲ್ಲಿಗೇ ಬಿಡಬಹುದು ಎಂದುಕೊಂಡಳು. ಬಿಡಲಿಲ್ಲ. ಉಳಿದದ್ದನ್ನೂ ಕೊಟ್ಟಳು. ಆ ದಿನ ಬಾವಿಯಲ್ಲಿ ಅವಳ ಭುಜ ಎಂದಿನಷ್ಟೇ ನೋಯಿತು, ಆದರೆ ಆ ನೋವಿಗೆ ಅವಳು ಎಂದಿನಷ್ಟು ಹೆದರಲಿಲ್ಲ.

ಅಮಾವಾಸ್ಯೆ ಬಂತು. ಊರು ಬಾಗಿಲು ಹಾಕಿಕೊಂಡು ಮಲಗಿತು. ಸಾತವ್ವ ಗಡಿಯಾರದ ಮನೆಗೆ ಹೋಗಿ ನೆಲ ಸಾರಿಸಿದಳು, ಗಾಜುಗಳನ್ನು ಒರೆಸಿದಳು, ಹಂಡೆ ತುಂಬಿಸಿದಳು. ದುಬಾರಿ ಗಡಿಯಾರ ಕಟ್ಟಿದವರು ಹತ್ತು ಹದಿನೈದು ಜನ ಅಲ್ಲಿದ್ದರು. ಯಾರೂ ಒಬ್ಬರನ್ನೊಬ್ಬರು ನೋಡದೆ, ಕೈ ಆಡಿಸುತ್ತ, ಬಗ್ಗಿ ಕೆಲಸ ಮಾಡುತ್ತಿದ್ದರು. ಸಂಜೆ ಹಿರಿಯ ಅವಳಿಗೆ, "ನಿಂದು ತೀರಿತು" ಎಂದ. ಉಳಿದವರು ಮುಂದಿನ ಅಮಾವಾಸ್ಯೆಗೆ ಮತ್ತೆ ಬರುವವರು.

ಮರುದಿನ ಅವಳು ಬಾವಿಯಲ್ಲಿ ಸಂಜೆಯವರೆಗೆ ಸೇದಿದಳು. ದನಗಳ ತೊಟ್ಟಿ ತುಂಬಿಸಿದಳು. ಬಾವಿಯ ಸುತ್ತಲಿದ್ದ ಎಲ್ಲ ಮಣ್ಣಿನ ಹರವಿಗಳನ್ನೂ ತುಂಬಿಸಿದಳು. ಫಕೀರವ್ವನ ಮನೆಗೆ ಹೋಗಿ, "ನಾಡಿದ್ದು ಬೆಳಿಗ್ಗೆ ಬಾವಿಗೆ ನೀ ಬರಬೇಕಾಗಬಹುದು" ಎಂದಳು. ಫಕೀರವ್ವ ಯಾಕೆ ಎಂದು ಕೇಳಲಿಲ್ಲ. "ನನಗ ಬರೂದಿಲ್ಲ ದೊಡ್ಡವ್ವ" ಎಂದಳು. "ನನಗೂ ಬರತಿದ್ದಿಲ್ಲ" ಎಂದು ಸಾತವ್ವ ತಿರುಗಿ ನಡೆದಳು.

ಅದರ ಮರುದಿನ ಬೆಳಗ್ಗೆ ಅವಳು ಹೊಸ್ತಿಲ ಮೇಲೆ ಕೂತಳು. ಸಾರುವವನಿಗೆ ಕೈ ಚಾಚಿದಳು. ಅವನು ಕೇಳಿ, ಒಂದು ಸಲ ಹೆಸರು ಕೂಗಿ ಹೋದ. ಅವಳು ಕೀ ಮುಟ್ಟಲಿಲ್ಲ. ಆ ದಿನವೆಲ್ಲ ಗಡಿಯಾರ ನಡೆಯಿತು. ಅವಳು ನೀರು ಸೇದುತ್ತ ನಡುನಡುವೆ ಅದನ್ನು ನೋಡಿದಳು. ರಾತ್ರಿ ಹತ್ತೂವರೆಯವರೆಗೆ ಅದು ನಡೆದಿತ್ತೆಂದು ಬೆಳಗ್ಗೆ ಎದ್ದು ಮುಳ್ಳು ನೋಡಿದಾಗ ತಿಳಿಯಿತು. ಅಗ್ಗದ್ದು, ಹೇಳಿದಷ್ಟು ಹೊತ್ತು ಬರಲಿಲ್ಲ.

ಸಾರುವವನು ಬಗ್ಗಿದ. ಕಿವಿಯಿಟ್ಟ. ಬಗ್ಗಿಯೇ ಇದ್ದು ಮೆಲ್ಲಗೆ ಹೇಳಿದ.

"ಕೀ ಕೊಡೂದು ಮರ್ತೀಯೇನು ಅಕ್ಕಾ? ಕೊಡು. ನಾ ಆಚೀ ಮನಿಗೆ ಹೋಗಿ ಬರ್ತೀನಿ."

"ಮರ್ತಿಲ್ಲಪಾ."

"ವಿಚಾರ ಮಾಡು. ಬಾವಿ ಐತಿ, ಊರು ಐತಿ."

"ಮೂವತ್ತು ವರ್ಷ ಊರ ವಿಚಾರ ಮಾಡೀನಿ. ನೀ ಕೂಗು."

ಅವನು ಕೂಗಿದ. ಸಾತವ್ವ. ಓಣಿಯ ಬಾಗಿಲುಗಳು ತೆರೆದವು. ಸಾತವ್ವ. ಯಾರೋ ಕೊಡ ಕೆಳಗಿಟ್ಟ ಸದ್ದಾಯಿತು. ಮೂರನೆಯ ಸಲ ತನ್ನ ಹೆಸರನ್ನು ಅವಳು ಕಿವಿಗೊಟ್ಟು ಕೇಳಿದಳು. ಚಂದದ ಹೆಸರು ಎನಿಸಿತು. ಆಮೇಲೆ ಅದು ಹೋಯಿತು.

ಬಯಲು ದಾಟುವಾಗ ಎದುರು ಬಂದ ಹೆಂಗಸರು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು, ನಿನ್ನೆ ಅವಳ ಕೈಯಿಂದ ನೀರು ತೆಗೆದುಕೊಂಡವರೇ. ಒಬ್ಬಳು ಅವಳನ್ನು ನೋಡಿ ಕಣ್ಣೊರೆಸಿಕೊಂಡು ಮುಂದೆ ಹೋದಳು. ತಾನು ತಪ್ಪು ಮಾಡಿದೆನೇನೋ, ಓಡಿಹೋಗಿ ಕೀ ಕೊಟ್ಟುಬಿಡಲೇ ಎಂದು ಅವಳಿಗೆ ಅನಿಸಿತು. ಆಗಲೇ ಕಟ್ಟೆ ಬಂದಿತ್ತು.

ಗಂಡ ಕೂತಲ್ಲಿಂದ ಸರಿದು ಜಾಗ ಮಾಡಿದ.

"ಇಷ್ಟು ಲಗೂನ ಬಂದ್ಯಲ್ಲ," ಎಂದ.

"ನಿಮ್ಮ ಮ್ಯಾಲ ಸಿಟ್ಟೈತಿ ನನಗ. ಅದನ್ನ ಹೇಳಾಕ ಬಂದೀನಿ."

"ಹೇಳು. ಹೊತ್ತೈತಿ."

ಅವಳು ಹೇಳಿದಳು. ಬಹಳ ಹೊತ್ತು ಹೇಳಿದಳು. ಎರಡು ವರ್ಷದ ಮಧ್ಯಾಹ್ನಗಳನ್ನು ಹೇಳಿದಳು, ಎಬ್ಬಿಸದೆ ಇದ್ದುದನ್ನು ಹೇಳಿದಳು, ಹನ್ನೆರಡು ವರ್ಷದ ಹಿಂದೆ ಆ ಹೊಳೆಯುವುದನ್ನು ಕಟ್ಟಿಕೊಂಡು ಬಂದಾಗ ತನಗೆ ಎಷ್ಟು ಹೆದರಿಕೆಯಾಗಿತ್ತೆಂದು ಮೊದಲ ಸಲ ಹೇಳಿದಳು. ಅವನು ಹೂಂಗುಟ್ಟುತ್ತ ಕೇಳಿದ. ಪಕ್ಕದ ಮುದುಕಿಯೂ ಹೂಂಗುಟ್ಟಿದಳು. ಯಾರಿಗೂ ಎಲ್ಲಿಗೂ ಹೋಗುವುದಿರಲಿಲ್ಲ.

ಅಷ್ಟರಲ್ಲಿ ಬಾವಿಯ ಕಡೆಯಿಂದ ರಾಟೆಯ ಸದ್ದು ಬಂತು, ತಡವರಿಸುವ ಸದ್ದು. ಕೊಡ ಬಾವಿಯ ಗೋಡೆಗೆ ಬಡಿಯುವುದು ಕೇಳಿಸಿತು. ಫಕೀರವ್ವ ಸೇದುತ್ತಿದ್ದಳು. ಸುತ್ತ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಒಂದು ಕೊಡ ಬಂತು, ಅರ್ಧ ಚೆಲ್ಲಿತು. ಇನ್ನೊಂದು ಬಂತು. ಹತ್ತನೆಯದಕ್ಕೆ ಅವಳು ಹಗ್ಗ ಬಿಟ್ಟು ಅಂಗೈಗಳನ್ನು ನೋಡಿಕೊಂಡಳು. ಸ್ವಲ್ಪ ತಡೆಯಿರಿ ಎಂದು ಹೇಳಿ, ನೆರಳಿಗೆಂದು ಬಂದು, ಕಟ್ಟೆಯ ತುದಿಗೆ ಬೆನ್ನು ಕೊಟ್ಟು ಕೆಳಗೆ ಕೂತಳು. ನಿಂತವರ ಕಡೆ ಮುಖ ಮಾಡಲಿಲ್ಲ. ಸೆರಗು ಅವಳ ಹೆಗಲ ಮೇಲಿತ್ತು. ಅದನ್ನು ಅವಳು ಕಿವಿಯ ಮೇಲೆ ಎಳೆದುಕೊಳ್ಳಲಿಲ್ಲ.

ನೀರಿನವಳಾಗಿದ್ದವಳು ಅವಳ ಬೆನ್ನನ್ನು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಕೇಳ್ರಿ," ಎಂದಳು, ಎಂದಿಗಿಂತ ತುಸು ದೊಡ್ಡ ದನಿಯಲ್ಲಿ. "ನಾನು ಮೊದಲು ಬಾವಿಗೆ ಬಂದಾಗ ಭುಜದಿಂದ ಎಳೀತಿದ್ದೆ. ಹಂಗ ಎಳದ ನನ್ನ ಭುಜ ಹೋತು. ಸೊಂಟದಿಂದ ಎಳೀಬೇಕು. ಎಡಗಾಲು ಕಲ್ಲಿಗೆ ಒತ್ತಿ ಹಿಡೀಬೇಕು. ಕೊಡ ನೀರು ಬಿಟ್ಟು ಮ್ಯಾಲೆದ್ದ ಮ್ಯಾಲ ಒಂದು ಉಸಿರು ನಿಲ್ಲಬೇಕು, ಅದು ತೂಗೂದು ಬಿಡೂತನಕ. ಆಮ್ಯಾಲ ಎಳದ್ರ ಗ್ವಾಡಿಗೆ ಬಡಿಯೂದಿಲ್ಲ. ಮತ್ತ, ಮಧ್ಯಾಹ್ನ ಮಲಗಬೇಕು. ದನಕ್ಕ ನೀರು ಸ್ವಲ್ಪ ತಡ ಆದ್ರ ದನ ಏನೂ ಸಾಯೂದಿಲ್ಲ. ಇದನ್ನ ನನಗ ಯಾರೂ ಹೇಳಿದ್ದಿಲ್ಲ."

"ಹೌದು?" ಎಂದ ಅವನು. ಅವನಿಗೂ ಅರ್ಥವಾಗಿತ್ತು. "ಅಂಗೈಗೆ?"

"ಅಂಗೈಗೆ ಮೊದಲ ಒಂದು ತಿಂಗಳು ಅರಿವಿ ಸುತ್ತಬೇಕು."

ಫಕೀರವ್ವ ಎದ್ದಳು. ಸೆರಗಿನ ಅಂಚನ್ನು ಹರಿದು ಎರಡೂ ಅಂಗೈಗೆ ಸುತ್ತಿಕೊಂಡು ಬಾವಿಗೆ ಹೋದಳು. ರಾಟೆ ಕಿರಗುಟ್ಟಿತು, ನಿಂತಿತು, ಒಂದು ಉಸಿರು ತಡೆದು ಮತ್ತೆ ಕಿರಗುಟ್ಟಿತು. ಕೊಡ ಸದ್ದಿಲ್ಲದೆ ಮೇಲೆ ಬಂತು.

ಕಟ್ಟೆಯ ಮೇಲೆ ಬೇವಿನ ನೆರಳು ನಿಧಾನವಾಗಿ ಸರಿಯುತ್ತಿತ್ತು. ಅವಳು ಗಂಡನ ಕಂಬಳಿಯನ್ನು ಮಡಿಚಿ ತಲೆಯ ಕೆಳಗಿಟ್ಟುಕೊಂಡು, ಮೈ ಚಾಚಿ ಮಲಗಿದಳು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಸುತ್ತ ಮಾತು ನಡೆದಿತ್ತು, ಬಾವಿಯಲ್ಲಿ ಕೊಡ ಇಳಿಯುತ್ತಿತ್ತು, ಏರುತ್ತಿತ್ತು. ನಿದ್ದೆಯಲ್ಲಿ ಅವಳ ಕೈಗಳು ಒಂದೆರಡು ಸಲ ಹಗ್ಗ ಎಳೆದವು. ಆಮೇಲೆ ಅವೂ ಸುಮ್ಮನಾದವು. ಅವಳನ್ನು ಯಾರೂ ಎಬ್ಬಿಸಲಿಲ್ಲ.